ಕಾಗೆ ಸತ್ತರೆ ಲೆಕ್ಕ ಇಡುವವರು ಯಾರು?

1999ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಎಮುಗಳು ಆರೋಗ್ಯವಾಗಿದ್ದವು. ಫ್ಲೆಮಿಂಗೊ, ನೀರುಕಾಗೆ, ಫೆಸೆಂಟ್ ಸತ್ತಿದ್ದವು. ಅದಕ್ಕೂ ಮೊದಲು, ಬೇಸಿಗೆಯುದ್ದಕ್ಕೂ, ಮೃಗಾಲಯದ ಸುತ್ತಮುತ್ತ ಕಾಗೆಗಳು ಸತ್ತು ಬೀಳುತ್ತಿದ್ದವು. ಅಲ್ಲಿನ ಪಶು ರೋಗಶಾಸ್ತ್ರಜ್ಞೆ ಟ್ರೇಸಿ ಮೆಕ್‌ನಮಾರಾ ಸತ್ತ ಹಕ್ಕಿಗಳನ್ನು ಕೊಯ್ದು ನೋಡಿದಾಗ ಮಿದುಳಿನಲ್ಲಿ ಉರಿಯೂತವಿತ್ತು. ಅಮೆರಿಕದಲ್ಲಿ ಹಕ್ಕಿಗಳನ್ನು ಹೀಗೆ ಕೊಲ್ಲಬಲ್ಲ ಸೊಳ್ಳೆ ವೈರಸ್ ಎಂದರೆ ಈಸ್ಟರ್ನ್ ಈಕ್ವೈನ್ ಎನ್‌ಸೆಫಲೈಟಿಸ್‌ನದು. ಅದೇ ಬಂದಿದ್ದರೆ ಎಮುಗಳು ಉಳಿಯುತ್ತಿರಲಿಲ್ಲ. ಎಮುಗಳು ಉಳಿದಿವೆ ಎಂದಮೇಲೆ ಇದು ಬೇರೆ ಏನೋ ಎಂಬುದು ಆಕೆಯ ತರ್ಕ.

ಅದೇ ಹೊತ್ತಿಗೆ ಊರಿನ ಇನ್ನೊಂದು ಭಾಗ ಕ್ವೀನ್ಸ್‌ನಲ್ಲಿ ವಯಸ್ಸಾದವರು ಜ್ವರ ಬಂದು, ಕೈಕಾಲು ಸೋತು ಆಸ್ಪತ್ರೆ ಸೇರುತ್ತಿದ್ದರು. ಫ್ಲಶಿಂಗ್ ಆಸ್ಪತ್ರೆಯ ವೈದ್ಯೆ ಡೆಬೊರಾ ಆಸ್ನಿಸ್, ಎರಡೇ ರೋಗಿಗಳನ್ನು ಕಂಡು ಅನುಮಾನ ಬಂದು, ಆಗಸ್ಟ್‌ನಲ್ಲೇ ನಗರದ ಆರೋಗ್ಯ ಇಲಾಖೆಗೆ ಫೋನ್ ಮಾಡಿದ್ದರು. ಪರೀಕ್ಷೆ ನಡೆಸಿದ ಅಮೆರಿಕದ ರೋಗ ನಿಯಂತ್ರಣ ಕೇಂದ್ರ (ಸಿಡಿಸಿ) ಇದು ಸೇಂಟ್ ಲೂಯಿ ಮಿದುಳುಜ್ವರ ಎಂದಿತು. ಒಂದೇ ಕುಲದ ವೈರಸ್‌ಗಳಾದರೆ ರಕ್ತದ ಪರೀಕ್ಷೆ ಒಂದನ್ನು ಇನ್ನೊಂದೆಂದು ತೋರಿಸುವುದುಂಟು. ಆದರೆ ಸೇಂಟ್ ಲೂಯಿ ವೈರಸ್ ಹಕ್ಕಿಗಳನ್ನು ಕೊಲ್ಲುವುದಿಲ್ಲ. ಹಾಗಿದ್ದರೆ ಕಾಗೆಗಳು ಸತ್ತದ್ದು ಯಾವುದರಿಂದ?

ಮೆಕ್‌ನಮಾರಾ ಈ ಪ್ರಶ್ನೆ ಕೇಳಿದರು. ಮನುಷ್ಯರ ರೋಗ ನೋಡುವವರಿಗೆ ಅದು ತಮ್ಮ ಪ್ರಶ್ನೆ ಅನ್ನಿಸಲಿಲ್ಲ. ಆಕೆ ಪಟ್ಟುಹಿಡಿದು ಅಯೋವಾದ ಪಶುರೋಗ ಪ್ರಯೋಗಾಲಯಕ್ಕೆ, ಬಳಿಕ ಸೇನೆಯ ಪ್ರಯೋಗಾಲಯಕ್ಕೆ ಹಕ್ಕಿಗಳ ಮಾದರಿ ಕಳಿಸಿದರು. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಉತ್ತರ ಸಿಕ್ಕಿತು: ವೆಸ್ಟ್ ನೈಲ್. 1937ರಲ್ಲಿ ಉಗಾಂಡದ ವೆಸ್ಟ್ ನೈಲ್ ಜಿಲ್ಲೆಯ ಒಬ್ಬ ಹೆಂಗಸಿನ ರಕ್ತದಲ್ಲಿ ಮೊದಲು ಸಿಕ್ಕಿದ್ದ ಈ ವೈರಸ್ ಅಮೆರಿಕ ಖಂಡಗಳಲ್ಲಿ ಅದುವರೆಗೆ ಕಂಡಿರಲಿಲ್ಲ. ಆ ವರ್ಷ ನ್ಯೂಯಾರ್ಕ್ ಪ್ರದೇಶದಲ್ಲಿ 62 ಮಂದಿ ಕಾಯಿಲೆ ಬಿದ್ದರು, 7 ಮಂದಿ ಸತ್ತರು.

ತಪ್ಪು ಯಾರದೆಂದು ಬೆರಳು ತೋರಿಸುವುದರಿಂದ ಪ್ರಯೋಜನವಿಲ್ಲ. ಒಂದೇ ಸೊಳ್ಳೆ ಕಾಗೆಯನ್ನೂ ಮನುಷ್ಯನನ್ನೂ ಕಚ್ಚುತ್ತಿತ್ತು. ಕಾಗೆಯ ಕಡತ ಒಂದು ಇಲಾಖೆಯಲ್ಲಿ, ಮನುಷ್ಯನದು ಇನ್ನೊಂದರಲ್ಲಿ ಇತ್ತು. ನನ್ನ ಮನಸ್ಸು ಮತ್ತೆ ಮತ್ತೆ ನಿಲ್ಲುವುದು ಅಲ್ಲಿಯೇ.

ಆಮೇಲೆ ಅಮೆರಿಕ ಪಾಠ ಕಲಿತದ್ದು ನಿಜ. 2000ದಲ್ಲಿ ‘ಆರ್ಬೋನೆಟ್’ ಎಂಬ ವ್ಯವಸ್ಥೆ ಬಂತು. ಮನುಷ್ಯ, ಕುದುರೆ, ಹಕ್ಕಿ, ಸೊಳ್ಳೆ ಎಲ್ಲದರ ವರದಿಯೂ ಒಂದೇ ಕಡೆ ಸೇರತೊಡಗಿತು. ಈ ಕೆಲಸ ನಡೆಯುವ ಬಗೆ ಬಹಳ ಸರಳ. ಹುಲ್ಲು ಕೊಳೆಸಿದ ನೀರು ಇಟ್ಟರೆ ಮೊಟ್ಟೆಯಿಡಲು ಬರುವ ಕ್ಯೂಲೆಕ್ಸ್ ಸೊಳ್ಳೆಗಳು ಬಲೆಗೆ ಬೀಳುತ್ತವೆ. ಅವನ್ನು ಜಾತಿವಾರು ಬೇರ್ಪಡಿಸಿ, ಗುಂಪು ಮಾಡಿ, ಅರೆದು ಪರೀಕ್ಷಿಸುತ್ತಾರೆ. ಹಲವು ಕಡೆ ಗೂಡಿನಲ್ಲಿ ಕೋಳಿ ಸಾಕಿ ಆಗಾಗ ರಕ್ತ ತೆಗೆದು ನೋಡುತ್ತಾರೆ. ಕೋಳಿಗೆ ಕಾಯಿಲೆ ಬರುವುದಿಲ್ಲ, ಅದರಿಂದ ಸೊಳ್ಳೆಗೆ ವೈರಸ್ ಮರಳುವುದೂ ಇಲ್ಲ. ಆದರೆ ವೈರಸ್ ಹೊತ್ತ ಸೊಳ್ಳೆ ಕಚ್ಚಿದ್ದಕ್ಕೆ ಅದರ ರಕ್ತದಲ್ಲಿ ಸಾಕ್ಷಿ ಉಳಿಯುತ್ತದೆ. ಸತ್ತ ಹಕ್ಕಿ ಕಂಡರೆ ತಿಳಿಸಲು ಜನರಿಗೆ ಫೋನ್ ನಂಬರುಗಳನ್ನೂ ಕೊಟ್ಟರು.

ಇಷ್ಟೆಲ್ಲ ಇದ್ದರೂ ವೈರಸ್ ನಿಲ್ಲಲಿಲ್ಲ. 2001ಕ್ಕೆ ಫ್ಲಾರಿಡಾ, 2002ಕ್ಕೆ ಮಿಸಿಸಿಪ್ಪಿ ನದಿಯಾಚೆಯ ಕೊಲರಾಡೊ. ಐದು ವರ್ಷದೊಳಗೆ ಅಟ್ಲಾಂಟಿಕ್ ತೀರದಿಂದ ಪೆಸಿಫಿಕ್ ತೀರ ಮುಟ್ಟಿತು, ಕೆನಡಾಕ್ಕೂ ಹೋಯಿತು. ಹೊತ್ತೊಯ್ಯುವ ಹಕ್ಕಿಗೆ ರಾಜ್ಯದ ಗಡಿಯಿಲ್ಲ. ಕಾಗೆ ಸತ್ತು ಸುದ್ದಿಯಾಗುತ್ತದೆ, ಆದರೆ ವೈರಸ್ಸನ್ನು ಬೆಳೆಸಿ ಹಂಚುವುದರಲ್ಲಿ ದೊಡ್ಡ ಪಾಲು ಮನೆಯಂಗಳದ ರಾಬಿನ್ ಹಕ್ಕಿಯದೆಂದು ಸಂಶೋಧಕರು ಕಂಡುಕೊಂಡರು. ಬೇಸಿಗೆ ಮುಗಿಯುತ್ತ ರಾಬಿನ್‌ಗಳು ಚದುರಿಹೋದಾಗ ಅದೇ ಸೊಳ್ಳೆ ಮನುಷ್ಯರತ್ತ ತಿರುಗುತ್ತದೆ.

ಹಾಗಾದರೆ ಕಣ್ಗಾವಲಿನಿಂದ ಬಂದ ಲಾಭವೇನು? ಬಹಳ ಇದೆ. 2002ರಲ್ಲಿ ರಕ್ತದಾನದಿಂದ, ಅಂಗಾಂಗ ಕಸಿಯಿಂದ ಸೋಂಕು ಹರಡಿದ್ದು ಪತ್ತೆಯಾಯಿತು. ಮರುವರ್ಷವೇ ದೇಶದಾದ್ಯಂತ ದಾನದ ರಕ್ತದ ಪರೀಕ್ಷೆ ಶುರುವಾಯಿತು. ಸೋಂಕು ತಗುಲಿದ ಹತ್ತರಲ್ಲಿ ಎಂಟು ಮಂದಿಗೆ ಯಾವ ಲಕ್ಷಣವೂ ಇರುವುದಿಲ್ಲ. ಮಿದುಳು, ನರಗಳಿಗೆ ಪೆಟ್ಟು ಬೀಳುವುದು ಸುಮಾರು 150ರಲ್ಲಿ ಒಬ್ಬರಿಗೆ. ಆಸ್ಪತ್ರೆಯಲ್ಲಿ ರೋಗಿ ಸಿಗಲಿ ಎಂದು ಕಾಯುತ್ತ ಕೂತರೆ, ಆ ಒಬ್ಬ ಬರುವಷ್ಟರಲ್ಲಿ ಉಳಿದ 149 ಮಂದಿಗೆ ಸೋಂಕು ತಗುಲಿರುತ್ತದೆ. ಕುದುರೆಗೆ ಲಸಿಕೆ ಬಂದು ಎರಡು ದಶಕ ದಾಟಿದೆ, ಮನುಷ್ಯರಿಗೆ ಇನ್ನೂ ಇಲ್ಲ. ಮುಂಚಿತವಾಗಿ ತಿಳಿಯುವುದೊಂದೇ ನಮ್ಮ ಕೈಯಲ್ಲಿರುವ ದಾರಿ.

ಅದನ್ನೇ ಅಮೆರಿಕ ಕೈಬಿಟ್ಟಿತು. 2003ರಲ್ಲಿ 9,862 ಪ್ರಕರಣ, 264 ಸಾವು. ಆಮೇಲೆ ಸಂಖ್ಯೆ ಇಳಿಯಿತು, ಅದರೊಂದಿಗೆ ಹಣವೂ ಇಳಿಯಿತು. ಇಂಥ ವೈರಸ್‌ಗಳ ಕಣ್ಗಾವಲಿಗೆ ರಾಜ್ಯಗಳು ಪಡೆಯುತ್ತಿದ್ದ ಕೇಂದ್ರದ ನೆರವು 2004ರಲ್ಲಿ ಸುಮಾರು 2.4 ಕೋಟಿ ಡಾಲರ್ ಇದ್ದದ್ದು 2012ರ ಹೊತ್ತಿಗೆ ಅದರ ಅರ್ಧಕ್ಕಿಂತ ಕೆಳಗಿಳಿದಿತ್ತು. ಆ 2012ರಲ್ಲೇ ದೇಶದಲ್ಲಿ 5,674 ಮಂದಿ ಕಾಯಿಲೆ ಬಿದ್ದರು, 286 ಮಂದಿ ಸತ್ತರು. ಹೆಚ್ಚು ನರಳಿದ್ದು ಟೆಕ್ಸಾಸ್, ಅದರಲ್ಲೂ ಡಲ್ಲಾಸ್. ಅಲ್ಲಿನ ಸೊಳ್ಳೆಗಳಲ್ಲಿ ವೈರಸ್ ಏರಿದ್ದು ಜನರ ಪ್ರಕರಣ ಏರುವುದಕ್ಕೆ ಒಂದೆರಡು ವಾರ ಮೊದಲೇ. ವಿಮಾನದಿಂದ ಔಷಧ ಸಿಂಪಡಿಸಿದ್ದು ಆಗಸ್ಟ್ ಮಧ್ಯದಲ್ಲಿ. ಸುಳಿವು ಸಿಕ್ಕಿತ್ತು, ಅದನ್ನು ಕೂಡಲೇ ಕ್ರಮವಾಗಿ ಬದಲಿಸುವ ಏರ್ಪಾಡು ಇರಲಿಲ್ಲ. ಮಳೆ ಬಾರದ ವರ್ಷ ಏರಿ ಕಾಯುವುದನ್ನು ನಿಲ್ಲಿಸಿದ ಕೆರೆ ನೀರಗಂಟಿಯ ಹಾಗಾಯಿತು ಇದು.

ಇದನ್ನೆಲ್ಲ ಕನ್ನಡದಲ್ಲಿ ಬರೆಯಲು ನನಗೆ ಕಾರಣವಿದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಮಲಗಿದಾಗ, ಪುಣೆಯಿಂದ ಬಂದ ವಿಜ್ಞಾನಿಗಳು ಹುಡುಕಿ ತೆಗೆದದ್ದು ವೆಸ್ಟ್ ನೈಲ್ ಕುಲದ್ದೇ ಇನ್ನೊಂದು ವೈರಸ್. ಅದನ್ನು ಹರಡುವುದು ಸೊಳ್ಳೆಯಲ್ಲ, ಉಣುಗು. ಮಂಗ ಸತ್ತರೆ ಕೂಡಲೇ ತಿಳಿಸಬೇಕೆಂಬುದನ್ನು ಮಲೆನಾಡು ಅಂದಿನಿಂದ ಬಲ್ಲದು. ಇನ್ನು ವೆಸ್ಟ್ ನೈಲ್ ನಮಗೆ ಹೊರಗಿನದೇನಲ್ಲ. ಕೋಲಾರ, ಮೈಸೂರು ಜಿಲ್ಲೆಗಳಲ್ಲಿ ಮಿದುಳುಜ್ವರದಿಂದ ಸತ್ತ ಮಕ್ಕಳ ಮಿದುಳಿನಲ್ಲಿ ಅದು ಸಿಕ್ಕಿದ ವರದಿ 1984ರಲ್ಲೇ ಪ್ರಕಟವಾಗಿದೆ. 2019ರಲ್ಲಿ ಕೇರಳದ ಮಲಪ್ಪುರಂನಲ್ಲಿ ಆರು ವರ್ಷದ ಹುಡುಗನೊಬ್ಬ ಇದರಿಂದ ಸತ್ತ. 2024ರಲ್ಲಿ ಆ ರಾಜ್ಯ ಮತ್ತೆ ಎಚ್ಚರಿಕೆ ಹೊರಡಿಸಿತು. ಟೆಕ್ಸಾಸಿನಲ್ಲಿ ವೈರಸ್ ಹೊತ್ತ ಕ್ಯೂಲೆಕ್ಸ್ ಕ್ವಿಂಕ್ವಿಫ್ಯಾಸಿಯೇಟಸ್ ಸೊಳ್ಳೆಯೇ ನಮ್ಮ ಚರಂಡಿಗಳಲ್ಲೂ ಮೊಟ್ಟೆಯಿಡುತ್ತದೆ.

ಕೇರಳಕ್ಕೆ ಅಂಟಿಕೊಂಡ ದಕ್ಷಿಣ ಕನ್ನಡ, ಕೊಡಗು, ಮೈಸೂರು, ಚಾಮರಾಜನಗರ ಜಿಲ್ಲೆಗಳಲ್ಲಾದರೂ ಪಶುವೈದ್ಯರು, ಅರಣ್ಯ ಸಿಬ್ಬಂದಿ, ಆಶಾ ಕಾರ್ಯಕರ್ತೆಯರು ತಾವು ಕಂಡ ಕಾಗೆಯ ಸಾವನ್ನೂ ಜ್ವರವನ್ನೂ ಒಂದೇ ಪಟ್ಟಿಗೆ ಸೇರಿಸುವಂತಾಗಬೇಕು. ಆ ಪಟ್ಟಿಯನ್ನು ಪ್ರತಿ ವಾರ ಓದುವ ಅಧಿಕಾರಿಯೊಬ್ಬರು ಜಿಲ್ಲೆಗೆ ಬೇಕು. ಒಂದು ಪ್ರಕರಣವೂ ಇಲ್ಲದ ವರ್ಷದ ಬಜೆಟ್ಟಿನಲ್ಲೂ ಅದಕ್ಕೆ ಹಣ ಇರಬೇಕು.