ಪರದೆಯ ಮೇಲೆ ಎಲ್ಲ ಪುಸ್ತಕಗಳೂ ಒಂದೇ ದಪ್ಪ

ಗ್ರಂಥಾಲಯಕ್ಕೆ ಹೋದ ಮಗು ಪುಸ್ತಕವನ್ನು ಮೊದಲು ಕೈಯಿಂದ ಆರಿಸುತ್ತದೆ. ತೆಳ್ಳಗಿದೆಯೇ, ಅಕ್ಷರ ದೊಡ್ಡದಿದೆಯೇ, ಚಿತ್ರಗಳೆಷ್ಟಿವೆ ಎಂದು ನಾಲ್ಕು ಹಾಳೆ ತಿರುವಿ ನೋಡಿ, ಇದು ತನ್ನಿಂದಾದೀತೇ ಇಲ್ಲವೇ ಎಂದು ಅಲ್ಲೇ ತೀರ್ಮಾನಿಸಿಬಿಡುತ್ತದೆ. ಅಂತರ್ಜಾಲದಲ್ಲಿ ಈ ಅನುಕೂಲವಿಲ್ಲ. ಹತ್ತು ಸಾಲಿನ ಕಥೆಯೂ ಹತ್ತು ಪುಟದ ಕಥೆಯೂ ಒಂದೇ ಅಳತೆಯ ಮುಖಪುಟವಾಗಿ ಪರದೆಯ ಮೇಲೆ ಸಾಲಾಗಿ ನಿಂತಿರುತ್ತವೆ. ಪುಸ್ತಕಗಳು ರಾಶಿ ಇದ್ದರೂ ಮಗುವಿಗೆ ಬೇಕಾದ್ದು ಯಾವುದೆಂದು ತಿಳಿಯದೆ ಪಾಲಕರು ಮೊಬೈಲ್ ಕೆಳಗಿಡುವುದು ಈ ಘಟ್ಟದಲ್ಲೇ.

ಮಕ್ಕಳ ಪುಸ್ತಕ ಪ್ರಕಟಿಸುವ ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ‘ಸ್ಟೋರಿವೀವರ್’ ಎಂಬ ಜಾಲತಾಣವನ್ನು ಆರಂಭಿಸಿತು. ಆಗ ಅಲ್ಲಿದ್ದುದು 24 ಭಾಷೆಗಳ ಸುಮಾರು 800 ಕಥೆಗಳು. ಇಂದು ಭಾಷೆಗಳೇ 300ನ್ನು ದಾಟಿವೆ. ಕನ್ನಡದ ಕಥೆಗಳೂ ಸಾಕಷ್ಟಿವೆ. ಓದಲು ಹಣ ಕೊಡಬೇಕಿಲ್ಲ.

ಇಲ್ಲಿ ಪುಸ್ತಕದ ದಪ್ಪವನ್ನು ತಿಳಿಸುವುದು ಒಂದು ಅಂಕಿ. ಕಥೆಗಳನ್ನು ಮುಖ್ಯವಾಗಿ ನಾಲ್ಕು ಹಂತಗಳಾಗಿ ವಿಂಗಡಿಸಿದ್ದಾರೆ. ಒಂದನೆಯ ಹಂತದಲ್ಲಿ ಸುಲಭ ಪದಗಳು, ಅವೇ ಮತ್ತೆ ಮತ್ತೆ ಬರುತ್ತವೆ. ಇಡೀ ಕಥೆ 250 ಪದಗಳ ಒಳಗೆ ಮುಗಿಯುತ್ತದೆ. ಎರಡನೆಯದು 600 ಪದಗಳವರೆಗೆ, ಮೂರನೆಯದು 1,500ರವರೆಗೆ, ನಾಲ್ಕನೆಯದು ಅದಕ್ಕೂ ಮೇಲೆ. ನಾಲ್ಕನೆಯ ತರಗತಿಯವರಿಗೆ ನಾಲ್ಕನೆಯ ಹಂತ ಎಂದು ತಿಳಿಯುವವರಿದ್ದಾರೆ. ಈ ಅಂಕಿಗೂ ತರಗತಿಗೂ ಸಂಬಂಧವಿಲ್ಲ. ಐದನೆಯ ತರಗತಿಯಲ್ಲಿದ್ದರೂ ಅಕ್ಷರ ಕೂಡಿಸಿ ಓದುವ ಹುಡುಗನಿಗೆ ಒಂದನೆಯ ಹಂತವೇ ಸರಿ. ತರಗತಿಗೆ ತಕ್ಕದ್ದೆಂದು ದೊಡ್ಡ ಪುಸ್ತಕ ಕೊಟ್ಟು, ಮನೆಮಂದಿಯ ಎದುರು ತಡವರಿಸುವಂತೆ ಮಾಡಿದರೆ ಅವನು ಆ ಪುಸ್ತಕವನ್ನಷ್ಟೇ ಅಲ್ಲ, ಓದುವುದನ್ನೇ ಬಿಟ್ಟಾನು. ಪಕ್ಕದ ಮನೆಯ ಮಗುವಿನ ಹೋಲಿಕೆಯಂತೂ ಬೇಡವೇ ಬೇಡ.

ಹಂತ ಸರಿಯಾಗಿದೆಯೇ ಎಂದು ನೋಡಲು ಬೆರಳಿನ ಲೆಕ್ಕವೊಂದಿದೆ. ಮಗು ಒಂದು ಪುಟ ಓದಲಿ. ತಿಳಿಯದ ಪ್ರತಿ ಪದಕ್ಕೂ ಒಂದು ಬೆರಳು ಮಡಿಸಲಿ. ಪುಟ ಮುಗಿಯುವುದರೊಳಗೆ ಐದೂ ಬೆರಳು ಮಡಿಸಿದರೆ ಒಂದು ಹಂತ ಕೆಳಗಿಳಿಯಬೇಕು. (ಒಂದನೆಯ ಹಂತದ ಪುಟದಲ್ಲಿ ಕೆಲವೊಮ್ಮೆ ಇರುವುದೇ ಐದಾರು ಪದ. ಅಲ್ಲಿ ಎರಡು ಬೆರಳೇ ಹೆಚ್ಚು.)

ಹುಡುಕುವಾಗ ಮೊದಲು ಭಾಷೆ, ಆಮೇಲೆ ಹಂತ, ಕೊನೆಗೆ ವಿಷಯ ಎಂಬ ಕ್ರಮ ಒಳ್ಳೆಯದು. ಪ್ರಾಣಿಗಳು, ವಿಜ್ಞಾನ, ಗಣಿತ, ಜಾನಪದ ಎಂದು ವಿಭಾಗಗಳಿವೆ. ಹೆಸರು ಬರೆದು ಹುಡುಕುವವರು ಕಾಗುಣಿತದ ಕಡೆ ಗಮನ ಕೊಡಬೇಕು. ಒಂದಕ್ಷರ ಬೇರೆಯಾದರೆ ಪುಸ್ತಕ ಸಿಗದೆ ಹೋದೀತು. ಆಗ ಲೇಖಕರ ಹೆಸರಿನಿಂದ ಹುಡುಕಬಹುದು.

ತಾಯಿಗೆ ಓದಲು ಬರುವುದು ಕನ್ನಡ ಮಾತ್ರ, ಮಗಳು ಇಂಗ್ಲಿಷ್ ಮಾಧ್ಯಮದಲ್ಲಿದ್ದಾಳೆ ಎನ್ನಿ. ಇಂಥ ಮನೆಗಳು ಈಗ ಊರೂರಲ್ಲೂ ಇವೆ. ಮಗಳು ಏನು ಓದುತ್ತಿದ್ದಾಳೆಂದು ಕೇಳುವುದಕ್ಕೂ ತಾಯಿಗೆ ಅಂಜಿಕೆ. ಸ್ಟೋರಿವೀವರ್‌ನಲ್ಲಿ ಒಂದು ಕಥೆಯ ಪುಟದಿಂದಲೇ ಅದರ ಬೇರೆ ಭಾಷೆಯ ರೂಪಗಳಿಗೆ ಹೋಗಬಹುದು. ರೋಹಿಣಿ ನಿಲೇಕಣಿಯವರ ಕಥೆಯೊಂದರಲ್ಲಿ ಶೃಂಗೇರಿ ಶ್ರೀನಿವಾಸ ಎಂಬ ಉದ್ದ ಕೂದಲಿನ ಆಸಾಮಿ ಇದ್ದಾನೆ. ಅವನ ಕೂದಲು ಕತ್ತರಿಸಲು ಯಾರಿಗೂ ಬಿಡುವಿಲ್ಲ. ಮಗಳು ಅದನ್ನು ಇಂಗ್ಲಿಷಿನಲ್ಲಿ ಓದಲಿ, ತಾಯಿ ಕನ್ನಡದಲ್ಲಿ. ಚಿತ್ರಗಳು ಅವೇ. ಮುಂದಿನ ಪುಟದಲ್ಲಿ ಏನಾಯಿತೆಂದು ಇಬ್ಬರೂ ಒಬ್ಬರನ್ನೊಬ್ಬರು ಕೇಳಬಹುದು.

ಕುಂದುಗಳೂ ಇವೆ. ಯಾರು ಬೇಕಾದರೂ ಕಥೆ ಬರೆದು, ಅನುವಾದಿಸಿ ಪ್ರಕಟಿಸಬಹುದಾದ ಜಾಗ ಇದು. ಹೀಗಾಗಿ ಕೆಲವು ಅನುವಾದಗಳು ಕಲ್ಲು ಕಡಿದಂತಿವೆ. ಮಗುವಿಗೆ ಕೊಡುವ ಮೊದಲು ಪಾಲಕರು ಒಮ್ಮೆ ಗಟ್ಟಿಯಾಗಿ ಓದಿ ನೋಡಬೇಕು. ನಾಲಿಗೆ ತೊಡರಿದರೆ ಆ ಅನುವಾದ ಬಿಟ್ಟು ಮುಂದಿನ ಕಥೆಗೆ ಹೋಗುವುದೇ ಲೇಸು.

ಕಥೆಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿರುವುದರಿಂದ ಅವುಗಳನ್ನು ಇಳಿಸಿಕೊಂಡು ಮುದ್ರಿಸಲು ಅಡ್ಡಿಯಿಲ್ಲ. ಸಿಗ್ನಲ್ ಸಿಗದ ಊರಿನ ಶಿಕ್ಷಕರು ಪೇಟೆಗೆ ಹೋದಾಗ ಹತ್ತು ಕಥೆಗಳನ್ನು ಮುದ್ರಿಸಿ ತಂದರೆ ತರಗತಿಗೆ ಒಂದು ಪುಟ್ಟ ಗ್ರಂಥಾಲಯವಾಯಿತು. ಆದರೆ ಲೇಖಕರು, ಚಿತ್ರಕಾರರು, ಅನುವಾದಕರ ಹೆಸರಿರುವ ಪುಟವನ್ನೂ ಸೇರಿಸಿಯೇ ಮುದ್ರಿಸಬೇಕು. ಹಾಳೆ ಉಳಿಸಲೆಂದು ಅದನ್ನು ಬಿಡುವುದು ಪರವಾನಗಿಯ ಷರತ್ತಿಗೆ ವಿರುದ್ಧ.