ಬ್ರೇಕ್‌ಗೂ ಮೊದಲೇ ಶುರುವಾಗುವ ಆಟ

ಪೂಲ್‌ನ ಮೊದಲ ಹೊಡೆತವಾದ ಬ್ರೇಕ್‌ನಲ್ಲಿ ಎಲ್ಲರ ಕಣ್ಣು ಆಟಗಾರನ ತೋಳಿನ ಮೇಲೆ. ನೋಡಬೇಕಾದದ್ದು ಚೆಂಡು ಜೋಡಿಸುವ ಕೈಯನ್ನು.

ಸುಮಾರು 57 ಮಿಲಿಮೀಟರ್ ವ್ಯಾಸದ ಚೆಂಡುಗಳು ಒಂದಕ್ಕೊಂದು ತಾಗಿ ನಿಂತಿದ್ದರೆ, ಬಿಳಿ ಚೆಂಡಿನ ಪೆಟ್ಟು ಕಣ್ಣು ಮಿಟುಕಿಸುವುದರೊಳಗೆ ಗುಂಪನ್ನು ದಾಟಿ ಅಂಚಿನ ಚೆಂಡುಗಳನ್ನು ಚಿಮ್ಮಿಸುತ್ತದೆ. ನಡುವೆ ಕಾಗದದಷ್ಟು ಸಂದು ಉಳಿದರೂ ಡಿಕ್ಕಿಗಳ ಸರದಿ ತಪ್ಪುತ್ತದೆ, ದಿಕ್ಕು ಬದಲಾಗುತ್ತದೆ. ಎಷ್ಟೋ ಸಲ ಗುಂಪು ಅರ್ಧಂಬರ್ಧ ಚದುರಿ ನಿಲ್ಲುತ್ತದೆ.

ಒಂಬತ್ತು ಚೆಂಡುಗಳ ನೈನ್‌ಬಾಲ್‌ನಲ್ಲಂತೂ ಬಿಗಿಯಾಗಿ ಜೋಡಿಸಿದರೆ ಗುಂಪಿನ ಬದಿ ತುದಿಯ ಚೆಂಡು ಮೂಲೆಯ ಪಾಕೆಟ್‌ಗೆ ಪದೇಪದೇ ಬೀಳುತ್ತದೆ. ಅದಕ್ಕೆ ಕಡಿವಾಣ ಹಾಕಲೆಂದೇ ಕೆಲವು ಪಂದ್ಯಾವಳಿಗಳು 1ರ ಬದಲು 9ನೇ ಚೆಂಡನ್ನು ಮೇಜಿನ ಮೇಲೆ ಜೋಡಣೆಗೆಂದು ಗುರುತಿಸಿದ ಚುಕ್ಕಿಯ ಮೇಲಿಟ್ಟವು.

ಆಟ ಯಾಂತ್ರಿಕವಾಗುತ್ತದೆಂದು ಬಿಗಿ ಜೋಡಣೆಯನ್ನೇ ದೂರುವುದು ಸರಿಯಲ್ಲ. ಚೆಂಡುಗಳ ನಡುವೆ ಸಂದು ಬಿಡಿಸುವ, ಮೇಜಿನ ಸವೆದ ಬಟ್ಟೆಯ ಗುಳಿಗಳು ಫಲಿತಾಂಶ ಬರೆಯಬಾರದು. ಚೆಂಡುಗಳನ್ನು ಬಿಗಿಯಾಗಿ ಕೂರಿಸುವ ತೆಳು ಪ್ಲಾಸ್ಟಿಕ್ ಟೆಂಪ್ಲೇಟ್ ಪ್ರತಿ ಕ್ಲಬ್‌ನಲ್ಲೂ ಇರಲಿ. ಬ್ರೇಕ್ ಸುಲಭವೆನಿಸಿದರೆ ನಿಯಮ ಬಿಗಿ ಮಾಡಲಿ.