ಕಂಪನಿ ದಂಡ ಕಟ್ಟಿದರೆ ಸಾಲದು

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ 610ನೇ ಟ್ಯಾಂಕಿಗೆ ನೀರು ನುಗ್ಗಿತು. ಅದರೊಳಗೆ ಸುಮಾರು 40 ಟನ್ ಮಿಥೈಲ್ ಐಸೊಸೈನೇಟ್ ಇತ್ತು. ಆ ವಿಷವನ್ನು ತಂಪಾಗಿಡಬೇಕಿದ್ದ ಶೈತ್ಯ ಘಟಕವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. ಸೋರಿದ ಅನಿಲವನ್ನು ತೊಳೆದು ನಿರ್ವಿಷ ಮಾಡಬೇಕಿದ್ದ ಸ್ಕ್ರಬ್ಬರ್ ಚಾಲನೆಯಲ್ಲಿರಲಿಲ್ಲ. ಉಳಿದದ್ದನ್ನು ಸುಟ್ಟುಹಾಕಬೇಕಿದ್ದ ಗೋಪುರದ ಕೊಳವೆಯನ್ನು ದುರಸ್ತಿಗೆಂದು ಬಿಚ್ಚಿಟ್ಟಿದ್ದರು. ರಾತ್ರಿ ಪಾಳಿಯ ಕೆಲಸಗಾರರು ಕೊನೆಯ ಪ್ರಯತ್ನವಾಗಿ ನೀರು ಚಿಮ್ಮಿಸಿದರು. ಅನಿಲ ಹೊರಬೀಳುತ್ತಿದ್ದ ಎತ್ತರಕ್ಕೆ ಅದು ಮುಟ್ಟಲಿಲ್ಲ. ಬೆಳಗಾಗುವಷ್ಟರಲ್ಲಿ ಊರಿನ ಬೀದಿಗಳಲ್ಲಿ ಹೆಣಗಳು ಬಿದ್ದಿದ್ದವು.

ಇದನ್ನು ದುರಂತವೆಂದು ಕರೆದು ಸುಮ್ಮನಾಗುವುದು ಅನ್ಯಾಯ. ರಕ್ಷಣೆಗಿದ್ದ ವ್ಯವಸ್ಥೆಗಳು ತಾವಾಗಿ ನಿಂತಿರಲಿಲ್ಲ. ನಷ್ಟದಲ್ಲಿದ್ದ ಕಾರ್ಖಾನೆಯಲ್ಲಿ ಖರ್ಚು ಕಡಿತ ನಡೆದಿತ್ತು. ಅಮೆರಿಕದಿಂದ ಬಂದಿದ್ದ ಕಂಪನಿಯದೇ ತಂಡ 1982ರಲ್ಲಿ ಸುರಕ್ಷತೆಯ ಲೋಪಗಳನ್ನು ಪಟ್ಟಿ ಮಾಡಿ ಕೊಟ್ಟಿತ್ತು. ಅದೇ ವರ್ಷ ಸ್ಥಳೀಯ ಪತ್ರಕರ್ತ ರಾಜಕುಮಾರ್ ಕೇಸ್ವಾನಿ ತಮ್ಮ ವಾರಪತ್ರಿಕೆಯಲ್ಲಿ ಊರಿಗೆ ಕಾದಿರುವ ಅಪಾಯದ ಬಗ್ಗೆ ಬರೆದು ಎಚ್ಚರಿಸಿದ್ದರು. ತಿಳಿಯಬೇಕಾದವರಿಗೆ ತಿಳಿದಿತ್ತು.

ಆಮೇಲೆ ಏನಾಯಿತು? ಕಂಪನಿಯ ಅಧ್ಯಕ್ಷ ವಾರನ್ ಆ್ಯಂಡರ್ಸನ್ ಅವರನ್ನು ಡಿಸೆಂಬರ್ 7ರಂದು ಬಂಧಿಸಿ, ಅಂದೇ ಜಾಮೀನು ಕೊಟ್ಟು ಸರ್ಕಾರಿ ವಿಮಾನದಲ್ಲಿ ದೆಹಲಿಗೆ ಕಳಿಸಲಾಯಿತು. ಅವರು ಮತ್ತೆ ಭಾರತದ ಯಾವ ನ್ಯಾಯಾಲಯಕ್ಕೂ ಬರಲಿಲ್ಲ. 2014ರಲ್ಲಿ ಫ್ಲೋರಿಡಾದಲ್ಲಿ ತೀರಿಕೊಂಡರು. ಭಾರತೀಯ ಆರೋಪಿಗಳ ಮೇಲಿದ್ದುದು ಹತ್ತು ವರ್ಷದವರೆಗೆ ಶಿಕ್ಷೆ ಕೊಡಬಹುದಾದ ಆರೋಪ. 1996ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿ, ಗರಿಷ್ಠ ಎರಡು ವರ್ಷದ ನಿರ್ಲಕ್ಷ್ಯದ ಕಲಮಿಗೆ ಇಳಿಸಿತು. 2010ರ ಜೂನ್ 7ರಂದು ತೀರ್ಪು ಬಂದಾಗ ಬದುಕಿದ್ದ ಏಳು ಮಂದಿಗೆ ಎರಡು ವರ್ಷ ಸಜೆಯಾಯಿತು. ಅದೇ ದಿನ ಜಾಮೀನೂ ಸಿಕ್ಕಿತು. ಕಂಪನಿ 1989ರಲ್ಲೇ 47 ಕೋಟಿ ಡಾಲರ್ ಕೊಟ್ಟು ಪರಿಹಾರದ ವ್ಯವಹಾರ ಮುಗಿಸಿಕೊಂಡಿತ್ತು. ಕಾರ್ಖಾನೆಯಲ್ಲಿ ಉಳಿದಿದ್ದ 337 ಟನ್ ವಿಷತ್ಯಾಜ್ಯ ಅಲ್ಲಿಂದ ಹೊರಬಿದ್ದದ್ದು 2025ರ ಜನವರಿಯಲ್ಲಿ.

ಇಷ್ಟೆಲ್ಲ ಕಂಡ ದೇಶ ಕಾನೂನನ್ನು ಬಿಗಿ ಮಾಡಬೇಕಿತ್ತು. ಭೋಪಾಲದ ಬೆನ್ನಿಗೆ ಬಂದ 1986ರ ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ಐದು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿತ್ತು. 2023ರ ಜನವಿಶ್ವಾಸ ಕಾಯ್ದೆ ಅದನ್ನು ಕಿತ್ತುಹಾಕಿ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಇಟ್ಟಿತು. ಈಗ ಜೈಲಿನ ಮಾತು ಬರುವುದು ಆ ದಂಡವನ್ನೂ ಕಟ್ಟದಿದ್ದಾಗ. ಸಾವಿರಾರು ಕೋಟಿ ವಹಿವಾಟಿನ ಕಂಪನಿಗೆ 15 ಲಕ್ಷ ಯಾವ ಲೆಕ್ಕ? ವಾರ್ಷಿಕ ಲೆಕ್ಕಪತ್ರದಲ್ಲಿ ಅದು ಒಂದು ಸಾಲು ಮಾತ್ರ. ನದಿಗೆ ವಿಷ ಬಿಡುವುದು ಶುದ್ಧೀಕರಣ ಘಟಕ ಕಟ್ಟುವುದಕ್ಕಿಂತ ಅಗ್ಗವಾದರೆ, ಲಾಭ ನೋಡುವ ಆಡಳಿತ ಮಂಡಳಿ ಯಾವುದನ್ನು ಆರಿಸುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಜೈಲಿನ ಭಯವಿದ್ದರೆ ಉದ್ಯಮಗಳು ಬರುವುದಿಲ್ಲ, ಅಧಿಕಾರಿಗಳು ಸಣ್ಣ ಉದ್ಯಮಿಗಳನ್ನು ಪೀಡಿಸುತ್ತಾರೆ ಎಂಬ ವಾದವಿದೆ. ಎರಡನೆಯ ಮಾತಿನಲ್ಲಿ ಹುರುಳಿದೆ. ರಿಟರ್ನ್ಸ್ ಸಲ್ಲಿಸಲು ತಡವಾದವರನ್ನು ಜೈಲಿಗೆ ಹಾಕಬೇಕೆಂದು ಯಾರೂ ಕೇಳುತ್ತಿಲ್ಲ. ಆದರೆ ಕಾಗದಪತ್ರದ ಲೋಪಕ್ಕೂ ಒಂದು ಊರಿನ ಅಂತರ್ಜಲಕ್ಕೆ ಗೊತ್ತಿದ್ದೂ ವಿಷ ಬೆರೆಸುವುದಕ್ಕೂ ಒಂದೇ ತಕ್ಕಡಿ ಹಿಡಿಯುವುದು ಯಾವ ನ್ಯಾಯ?

ನಮ್ಮ ರಾಜ್ಯದ ಅನುಭವವನ್ನೇ ನೋಡಿ. ಬಳ್ಳಾರಿ ಸೀಮೆಯಲ್ಲಿ ಅಗೆದ ಅದಿರು ಬೇಲೆಕೇರಿ ಬಂದರಿನಿಂದ ಮಾಯವಾದ ಪ್ರಕರಣದಲ್ಲಿ 2024ರಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಶಿಕ್ಷೆ ಕೊಟ್ಟಿತು. ಆ ಶಿಕ್ಷೆಯನ್ನು ಹೈಕೋರ್ಟ್ ನಂತರ ಅಮಾನತಿನಲ್ಲಿಟ್ಟಿತು. ಅಲ್ಲಿ ಸಾಬೀತಾದದ್ದು ಕಳ್ಳತನ, ವಂಚನೆ, ಒಳಸಂಚು. ಆ ಸೀಮೆಯ ಅಗೆದುಹಾಕಿದ ಗುಡ್ಡಗಳಾಗಲಿ, ಕೆಂಧೂಳು ಕವಿದ ಹೊಲಗಳಾಗಲಿ ಆ ಆರೋಪಗಳ ಪಟ್ಟಿಯಲ್ಲಿ ಇರಲಿಲ್ಲ.

ಮೇಲಿನವರನ್ನು ಹೊಣೆ ಮಾಡುವುದು ಆಗದ ಮಾತಲ್ಲ. ಭೋಪಾಲದ ನಂತರ, 1987ರಲ್ಲಿ ಕಾರ್ಖಾನೆ ಕಾಯ್ದೆಯನ್ನು ತಿದ್ದಿ, ಕಂಪನಿಯ ನಿರ್ದೇಶಕರಲ್ಲಿ ಒಬ್ಬರೇ ಕಾರ್ಖಾನೆಗೆ ಹೊಣೆಗಾರರೆಂದು ಗೊತ್ತುಪಡಿಸಲಾಯಿತು. ಸುಪ್ರೀಂ ಕೋರ್ಟ್ 1996ರಲ್ಲಿ ಅದನ್ನು ಎತ್ತಿಹಿಡಿಯಿತು. ಕಾರ್ಮಿಕರ ಸುರಕ್ಷತೆಗೆ ಮಾಡಿದ್ದನ್ನು ನೆಲ-ಜಲಕ್ಕೆ ಏಕೆ ಮಾಡಬಾರದು? ಬೆಲ್ಜಿಯಂ 2024ರಲ್ಲಿ ಪರಿಸರ ಹತ್ಯೆಯನ್ನು ತನ್ನ ದಂಡಸಂಹಿತೆಗೆ ಸೇರಿಸಿ, 20 ವರ್ಷದವರೆಗೆ ಸಜೆಯ ಅವಕಾಶ ಇಟ್ಟಿದೆ. ಸಮುದ್ರ ಏರುತ್ತಿರುವುದನ್ನು ಕಣ್ಣಾರೆ ಕಾಣುತ್ತಿರುವ ವನುವಾಟು, ಫಿಜಿ, ಸಮೋವಾ ದೇಶಗಳು ಪರಿಸರ ಹತ್ಯೆಯನ್ನು ಅಂತರರಾಷ್ಟ್ರೀಯ ಅಪರಾಧವೆಂದು ಘೋಷಿಸಬೇಕೆಂದು ಅದೇ ವರ್ಷ ಪ್ರಸ್ತಾವ ಮಂಡಿಸಿವೆ.

ನಮಗೆ ಬೇಕಾದ ಕಾನೂನು ಸ್ಪಷ್ಟವಾಗಿದೆ. ಅಪಾಯ ಗೊತ್ತಿದ್ದೂ ಖರ್ಚು ಉಳಿಸಲು ನಿರ್ಧಾರ ತೆಗೆದುಕೊಂಡು, ಅದರಿಂದ ಜನರ ಜೀವಕ್ಕೋ ನೆಲ-ಜಲಕ್ಕೋ ಗಂಭೀರ ಹಾನಿಯಾದರೆ, ಆ ನಿರ್ಧಾರಕ್ಕೆ ಸಹಿ ಹಾಕಿದವರು ಕಟಕಟೆಯಲ್ಲಿ ನಿಲ್ಲಬೇಕು. ತನಿಖೆ ವಾಲ್ವ್ ತಿರುಗಿಸಿದವನಿಂದ ಮೇಲಕ್ಕೇರಿ ಆಡಳಿತ ಮಂಡಳಿಯ ಸಭೆಯ ನಡಾವಳಿ ಪುಸ್ತಕದವರೆಗೂ ಹೋಗಬೇಕು. 2023ರಲ್ಲಿ ಕಿತ್ತ ಶಿಕ್ಷೆಯನ್ನು ಗಂಭೀರ ಹಾನಿಯ ಪ್ರಕರಣಗಳಿಗೆ ಸಂಸತ್ತು ಮರಳಿ ತರಬೇಕು. ನಿಮ್ಮ ಸಂಸದರು ಯಾವ ಪಕ್ಷದವರೇ ಆಗಿರಲಿ, ಈ ಬಗ್ಗೆ ಅವರ ನಿಲುವೇನೆಂದು ಕೇಳಿ. ಉತ್ತರ ಸಿಗುವವರೆಗೂ ಕೇಳಿ.